ಚಿಂತಾಮಣಿ ಯಾವ ಸೀಮೆಗೆ ಸೇರಿದ್ದು?

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ. ಮನೆಮಾತು ತೆಲುಗು, ಓದಿದ್ದೆಲ್ಲ ಕನ್ನಡ. ನಾನು ಶಾಲೆಗೆ ಹೋಗುವಾಗ ನಮ್ಮದು ಕೋಲಾರ ಜಿಲ್ಲೆ, 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆ. ಆದರೆ ಎಂ.ಪಿ. ಚುನಾವಣೆಗೆ ಈಗಲೂ ಕೋಲಾರ ಕ್ಷೇತ್ರಕ್ಕೇ ವೋಟು. ಕೆಲಸ, ದೊಡ್ಡಾಸ್ಪತ್ರೆ ಅಂದರೆ ಬೆಂಗಳೂರು. ಮಗಳು ಬಿ.ಎ.ಯಲ್ಲಿ ಭೂಗೋಳ ತೆಗೆದುಕೊಂಡಿದ್ದಾಳೆ. ಅವಳ ನೋಟ್ಸ್‌ನಲ್ಲಿ ಪ್ರದೇಶಗಳು ತಾವಾಗಿ ಇರುವುದಿಲ್ಲ, ಮನುಷ್ಯರು ಅವನ್ನು ಮಾಡುತ್ತಾರೆ ಎಂದು ಬರೆದಿದೆ. ಹಾಗಾದರೆ ಬಯಲುಸೀಮೆ ಅನ್ನೋದು ಸುಳ್ಳಾ? ನಾವು ಯಾವ ಪ್ರದೇಶದವರು ಅಂತ ಹೇಳಿಕೊಳ್ಳಬೇಕು? ಸ್ಥಳ ಬೇರೆ, ಪ್ರದೇಶ ಬೇರೆ ಅಂತಲೂ ಇದೆ. ಸ್ವಲ್ಪ ಬಿಡಿಸಿ ಹೇಳ್ತೀರಾ?

ಉತ್ತರ: ಬಯಲುಸೀಮೆ ಸುಳ್ಳಲ್ಲ. ಹಾಗಂತ ನಂದಿಬೆಟ್ಟದ ಥರ ಕಣ್ಣಿಗೆ ಕಾಣುವ ಹಾಗೆ ಎದ್ದು ನಿಂತದ್ದೂ ಅಲ್ಲ. ಯಾರೋ ಒಂದು ಪ್ರಶ್ನೆ ಇಟ್ಟುಕೊಂಡು ನಕ್ಷೆಯ ಮುಂದೆ ಕೂತಾಗ ಪ್ರದೇಶ ಹುಟ್ಟುತ್ತದೆ. ಎಲ್ಲೆಲ್ಲಿ ಮಳೆ ಕಡಿಮೆ ಅಂತ ಕೇಳಿದರೆ ಒಂದು ಗೆರೆ ಬರುತ್ತದೆ. ಯಾವ ಊರಿನವರು ಯಾವ ಮಾರ್ಕೆಟ್ಟಿಗೆ ಹೋಗುತ್ತಾರೆ ಅಂತ ಕೇಳಿದರೆ ಬೇರೆ ಗೆರೆ. ಅನುದಾನ ಯಾರಿಗೆ ಕೊಡಬೇಕು ಅಂದರೆ ಮತ್ತೊಂದು. ನಿಮ್ಮ ಹಳ್ಳಿ ಈ ಎಲ್ಲ ಗೆರೆಗಳ ಒಳಗೂ ಇದೆ. ಹಾಗಾಗಿ ‘ನೀವು ಯಾವ ಪ್ರದೇಶದವರು’ ಎಂದು ಯಾರಾದರೂ ಕೇಳಿದರೆ, ‘ಯಾತಕ್ಕೆ ಕೇಳ್ತಿದ್ದೀರಿ’ ಅಂತ ನೀವು ತಿರುಗಿ ಕೇಳಬಹುದು. ತಮಾಷೆಗೆ ಹೇಳುತ್ತಿಲ್ಲ. ಮಾನವ ಭೂಗೋಳದವರು ನೂರು ವರ್ಷಕ್ಕಿಂತ ಹೆಚ್ಚು ಕಾಲ ಜಗಳವಾಡಿದ್ದು ಇದರ ಬಗ್ಗೆಯೇ.

ಬಯಲುಸೀಮೆಯಿಂದಲೇ ಶುರು ಮಾಡೋಣ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪೂರ್ವದ ತಾಲ್ಲೂಕುಗಳು. ವರ್ಷಕ್ಕೆ ಹೆಚ್ಚುಕಡಿಮೆ 550ರಿಂದ 750 ಮಿ.ಮೀ. ಮಳೆ. ಕೆಂಪು ಮಣ್ಣು, ಕಲ್ಲುಗುಡ್ಡ, ರಾಗಿ, ಅವರೆ, ಕಡಲೆಕಾಯಿ. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಹೀಗೆ ಒಂದೇ ಗುಣ ಇರುವ ಜಾಗಗಳನ್ನು ಒಟ್ಟುಗೂಡಿಸಿದರೆ ಸಿಗುವುದನ್ನು ಪಠ್ಯಪುಸ್ತಕ ಔಪಚಾರಿಕ ಪ್ರದೇಶ ಅನ್ನುತ್ತದೆ. ಏಕರೂಪದ ಪ್ರದೇಶ ಅಂದರೆ ಬೇಗ ಅರ್ಥವಾಗುತ್ತದೆ.

ನಡುಭಾಗದಲ್ಲಿ ಇದು ಸಲೀಸು, ಅಂಚಿಗೆ ಹೋದಾಗ ಕಷ್ಟ. ಪಾವಗಡದಿಂದ ತಿಪಟೂರಿಗೆ ಒಮ್ಮೆ ಬಸ್ಸಿನಲ್ಲಿ ಹೋಗಿ ನೋಡಿ. ಎರಡೂ ತುಮಕೂರು ಜಿಲ್ಲೆಯವೇ. ಪಾವಗಡದಲ್ಲಿ ಕಡಲೆಕಾಯಿ ಹೊಲ, ಬೋಳು ಗುಡ್ಡ, ಫ್ಲೋರೈಡ್ ತುಂಬಿದ ಕೊಳವೆಬಾವಿ ನೀರು. ತಿಪಟೂರಿನಲ್ಲಿ ತೆಂಗಿನ ತೋಟ, ಕೊಬ್ಬರಿ ಮಾರ್ಕೆಟ್ಟು, ಹೇಮಾವತಿ ನಾಲೆ. ಜಿಲ್ಲೆಗೆ ಕಲ್ಪತರು ನಾಡು ಎಂಬ ಬಿರುದಿದೆ. ಪಾವಗಡದವರು ಅದನ್ನು ಕೇಳಿ ಏನಂದುಕೊಳ್ಳುತ್ತಾರೋ! ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಬಸ್ಸು ಮುಂದೆ ಹೋದ ಹಾಗೆ ತೆಂಗು ನಿಧಾನಕ್ಕೆ ಜಾಸ್ತಿಯಾಗುತ್ತದೆ, ಅಷ್ಟೇ. ಗೆರೆ ಎಳೆಯಲೇಬೇಕು ಅಂದರೆ ಯಾರಾದರೂ ತೀರ್ಮಾನ ಮಾಡಬೇಕು. ಪ್ರದೇಶಗಳನ್ನು ಮನುಷ್ಯರು ಮಾಡುತ್ತಾರೆ ಎಂಬ ನಿಮ್ಮ ಮಗಳ ನೋಟ್ಸಿನ ಮಾತಿಗೆ ಮೊದಲ ಅರ್ಥ ಇದು. ಮಳೆ ನಿಜ, ಮಣ್ಣು ನಿಜ, ಎಲ್ಲಿ ಕತ್ತರಿಸುವುದು ಎಂಬುದು ನಮ್ಮ ನಿರ್ಧಾರ.

ಎರಡನೆಯ ಅರ್ಥ ಇನ್ನೂ ಗಟ್ಟಿಯಾದದ್ದು. ಫ್ರಾನ್ಸಿನ ಪಾಲ್ ವಿದಾಲ್ ದ ಲಾ ಬ್ಲಾಷ್ (1845-1918) ಎಂಬ ಭೂಗೋಳಜ್ಞ ಅದನ್ನು ಚೆನ್ನಾಗಿ ಬೆಳೆಸಿದ. ನೆಲ ಹೀಗಿದೆ, ಆದ್ದರಿಂದ ಜನ ಹೀಗಿದ್ದಾರೆ ಎನ್ನುವ ವಾದ ಆಗ ಜೋರಾಗಿತ್ತು. ಇವನು ಅದನ್ನು ಒಪ್ಪಲಿಲ್ಲ. ನೆಲ ಕೆಲವು ಅವಕಾಶ ಕೊಡುತ್ತದೆ, ಜನ ಅದರಲ್ಲಿ ಒಂದನ್ನು ಆರಿಸಿಕೊಂಡು ತಲೆಮಾರುಗಟ್ಟಲೆ ದುಡಿದು ತಮ್ಮದೇ ಬದುಕಿನ ರೀತಿ ಕಟ್ಟುತ್ತಾರೆ, ಆ ರೀತಿಯೇ ನೆಲಕ್ಕೆ ಮುಖ ಕೊಡುತ್ತದೆ ಎಂದ. ನಮ್ಮ ಕಡೆ ಇದಕ್ಕೆ ಕೆರೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕೋಲಾರ ಸೀಮೆಯ ಕೆರೆಗಳು ಬಿಡಿಬಿಡಿ ಹೊಂಡಗಳಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ತೂಬು ಯಾವಾಗ ಎತ್ತಬೇಕು, ಅಚ್ಚುಕಟ್ಟಿನಲ್ಲಿ ಯಾರ ಗದ್ದೆಗೆ ಮೊದಲು ನೀರು ಎಂಬುದನ್ನು ನೋಡಿಕೊಳ್ಳಲು ನೀರುಗಂಟಿ ಇದ್ದ. ಮೇಲಿನ ಊರಿನವರು ಕೋಡಿಯನ್ನು ಸ್ವಲ್ಪ ಎತ್ತರಿಸಿದರೆ ಸಾಕು, ಕೆಳಗಿನ ಊರಿನವರು ದೊಣ್ಣೆ ಹಿಡಿದು ಬರುತ್ತಿದ್ದರು. ಆ ಜಗಳ ಎಲ್ಲಿಯತನಕ ಕೇಳುತ್ತದೋ ಅಲ್ಲಿಯತನಕ ಒಂದು ಪ್ರದೇಶ. ಅದನ್ನು ಮಳೆ ಒಂದೇ ಮಾಡಿದ್ದಲ್ಲ, ಜನ ಮಾತ್ರ ಮಾಡಿದ್ದೂ ಅಲ್ಲ.

ಬೋರ್‌ವೆಲ್ ಬಂದ ಮೇಲೆ ಈ ನಂಟು ಸಡಿಲವಾಯಿತು. ನೀರು ಅವರವರ ಹೊಲದಲ್ಲೇ, ಕರೆಂಟು ಇದ್ದರೆ ಸಾಕು. ಮೇಲಿನ ಊರು, ಕೆಳಗಿನ ಊರು ಎಂಬ ಲೆಕ್ಕ ಯಾರಿಗೆ ಬೇಕು? ಕೆರೆಯಲ್ಲಿ ಹೂಳು ತುಂಬಿತು, ಜಾಲಿ ಬೆಳೆಯಿತು, ಕಾಲುವೆ ಒತ್ತುವರಿಯಾಯಿತು. ಬೋರು ಸಾವಿರ ಅಡಿ ದಾಟಿತು. ಮಳೆ ಮೊದಲಿನಷ್ಟೇ ಬಂದರೂ ಪ್ರದೇಶ ಮೊದಲಿನದಾಗಿ ಉಳಿಯಲಿಲ್ಲ.

ನಿಮ್ಮ ತಾಲ್ಲೂಕಿಗೆ ನೇರವಾಗಿ ತಾಗುವ ಇನ್ನೊಂದು ಸಂಗತಿ ಇದೆ. ಪಾಲಾರ್ ನದಿಯ ಮೂಲ ನಿಮ್ಮ ಕಡೆಯೇ, ತಲಗವಾರದ ಹತ್ತಿರ. ಅಲ್ಲಿಂದ ಕೋಲಾರ ಜಿಲ್ಲೆಯ ಕೆರೆಗಳನ್ನು ತುಂಬಿಸಿಕೊಂಡು ಬೇತಮಂಗಲ ದಾಟಿ ಆಂಧ್ರಕ್ಕೆ, ಆಮೇಲೆ ತಮಿಳುನಾಡಿನ ವೆಲ್ಲೂರು ಕಡೆಗೆ. 1892ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ಒಂದು ಒಪ್ಪಂದವಾಯಿತು. ಪಟ್ಟಿಯಲ್ಲಿರುವ ನದಿಗಳ ಮೇಲೆ ಮದರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಹೊಸ ನೀರಾವರಿ ಜಲಾಶಯ ಕಟ್ಟಬಾರದು ಎಂದು ಅದರಲ್ಲಿತ್ತು. ಎಲ್ಲರಿಗೂ ಅದರಲ್ಲಿ ಕಾವೇರಿ ಇದ್ದದ್ದು ಗೊತ್ತು. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಇದ್ದದ್ದು ಎಷ್ಟು ಜನಕ್ಕೆ ಗೊತ್ತು? ಈ ಎರಡು ಜಿಲ್ಲೆಗಳ ಮುಖ್ಯ ಹೊಳೆಗಳಲ್ಲಿ ಹೆಚ್ಚಿನವು ಅದರಲ್ಲಿದ್ದವು. ನದಿ ಹುಟ್ಟುವ ಸೀಮೆ, ಆದರೆ ನೀರಿಲ್ಲದ ಸೀಮೆ. ಅದಕ್ಕೆ ಮಳೆಯ ಜೊತೆಗೆ ಕೆಳಗಿನವರ ಹಕ್ಕೂ ಒಂದು ಕಾರಣ. ಬಯಲುಸೀಮೆ ಯಾಕೆ ಹೀಗಿದೆ ಎಂಬುದಕ್ಕೆ ಬಯಲುಸೀಮೆಯ ಒಳಗಷ್ಟೇ ಹುಡುಕಿದರೆ ಉತ್ತರ ಸಿಗುವುದಿಲ್ಲ.

ಮಧ್ಯೆ ಒಂದು ಹಳೇ ಜಗಳ ಹೇಳಿಬಿಡುತ್ತೇನೆ, ನಿಮ್ಮ ಮಗಳ ಪರೀಕ್ಷೆಗೆ ಬೇಕಾಗುತ್ತದೆ. 1939ರಲ್ಲಿ ಅಮೆರಿಕದ ರಿಚರ್ಡ್ ಹಾರ್ಟ್‌ಶೋರ್ನ್, ಭೂಗೋಳದ ಕೆಲಸವೇ ಒಂದು ಜಾಗ ಇನ್ನೊಂದರಿಂದ ಹೇಗೆ ಬೇರೆ ಎಂದು ವಿವರಿಸುವುದು ಎಂದರು. 1953ರಲ್ಲಿ ಫ್ರೆಡ್ ಶೇಫರ್ ಅದನ್ನು ಕಟುವಾಗಿ ಟೀಕಿಸಿದರು. ಪ್ರತಿಯೊಂದು ಜಾಗವೂ ವಿಶೇಷ ಅಂತ ವರ್ಣನೆ ಮಾಡುತ್ತಾ ಕೂತರೆ ವಿಜ್ಞಾನ ಆಗಲ್ಲ, ಎಲ್ಲೆಡೆಗೂ ಹೊಂದುವ ನಿಯಮ ಹುಡುಕಬೇಕು ಎಂದರು. ಮುಂದಿನ ಇಪ್ಪತ್ತು ವರ್ಷ ನಿಯಮ, ಸೂತ್ರ, ಲೆಕ್ಕಗಳ ಕಾಲ. ನನಗೆ ಇಬ್ಬರ ಮಾತಿನಲ್ಲೂ ಅರ್ಧರ್ಧ ಒಪ್ಪಿಗೆ. ಹೆಚ್ಚು ಬೆಳೆಸುವುದಿಲ್ಲ.

ಲೆಕ್ಕದವರು ಒಂದು ಒಳ್ಳೆಯ ಕೆಲಸ ಮಾಡಿದರು. ಏಕರೂಪದ ಜಾಗ ಹುಡುಕುವುದನ್ನು ಬಿಟ್ಟು, ಯಾರು ಎಲ್ಲಿಗೆ ಹೋಗುತ್ತಾರೆ ಎಂದು ಕೇಳಲು ಶುರು ಮಾಡಿದರು. ಅವರಿಗೆ ಮೂಲಪುರುಷ ಜರ್ಮನಿಯ ವಾಲ್ಟರ್ ಕ್ರಿಸ್ಟಾಲರ್. ದಕ್ಷಿಣ ಜರ್ಮನಿಯ ಊರುಗಳನ್ನು ನೋಡಿ 1933ರಲ್ಲಿ ಅವನು ಹೇಳಿದ್ದು ಹೀಗೆ. ಉಪ್ಪು, ಬೆಂಕಿಪೊಟ್ಟಣಕ್ಕೆ ಜನ ದೂರ ಹೋಗುವುದಿಲ್ಲ, ಆ ಅಂಗಡಿ ಹಳ್ಳಿಹಳ್ಳಿಯಲ್ಲೂ ಇರುತ್ತದೆ. ಮದುವೆ ಜವಳಿಗೆ ದೂರ ಹೋಗುತ್ತಾರೆ, ಹೃದಯದ ಆಪರೇಷನ್ನಿಗೆ ಇನ್ನೂ ದೂರ. ಹಾಗಾಗಿ ಸಣ್ಣ ಊರು ಹಲವು, ಮಧ್ಯಮ ಊರು ಕೆಲವು, ದೊಡ್ಡ ಊರು ಒಂದೆರಡು, ಪ್ರತಿಯೊಂದರ ಸುತ್ತ ಅದನ್ನು ನಂಬಿಕೊಂಡ ಹಳ್ಳಿಗಳ ಒಂದು ವಲಯ. ಇದು ಕಾರ್ಯಾತ್ಮಕ ಪ್ರದೇಶ. ಗಿರಾಕಿ ಎಲ್ಲಿಂದ ಬರುತ್ತಾನೆ ಎಂಬುದೇ ಅದರ ಗಡಿ.

ನಿಮ್ಮ ಸುತ್ತಲೂ ಇಂಥ ವಲಯಗಳು ಒಂದರ ಮೇಲೊಂದು ಬಿದ್ದಿವೆ. ರೇಷ್ಮೆಗೂಡು ಬೆಳೆಯುವವರಿಗೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನಡುಬಿಂದು. ಟೊಮೊಟೊ ಬೆಳೆಯುವವರು ರೇಟು ನೋಡಿಕೊಂಡು ಕೋಲಾರಕ್ಕೋ ಚಿಂತಾಮಣಿಗೋ ಹಾಕುತ್ತಾರೆ. ಮಾವು ಅಂದರೆ ಶ್ರೀನಿವಾಸಪುರ. 2007ರಲ್ಲಿ ಕೋಲಾರ ಜಿಲ್ಲೆಯನ್ನು ಎರಡು ಮಾಡಿದರು. ಹಾಲಿನ ಒಕ್ಕೂಟ ಮಾತ್ರ ಅದಾದ ಮೇಲೂ ಹಲವು ವರ್ಷ ಒಂದೇ ಆಗಿ ಉಳಿಯಿತು. ಡಿ.ಸಿ.ಸಿ. ಬ್ಯಾಂಕೂ ಎರಡು ಜಿಲ್ಲೆಗಳ ಹೆಸರು ಹೊತ್ತುಕೊಂಡು ಒಟ್ಟಿಗೇ ನಡೆಯಿತು. ಡಿ.ಸಿ. ಕಚೇರಿ ಬದಲಾದರೂ ಹಾಲಿನ ಲಾರಿಯ ದಾರಿ ಬದಲಾಗಲಿಲ್ಲ.

ನಿಮ್ಮ ಎಂ.ಪಿ. ಕ್ಷೇತ್ರದ ವಿಚಾರವೂ ಇಂಥದ್ದೇ. ಕ್ಷೇತ್ರ ಮರುವಿಂಗಡಣೆಯ ಪ್ರಕಾರ ಚಿಂತಾಮಣಿ, ಶಿಡ್ಲಘಟ್ಟ ಎರಡೂ ಕೋಲಾರ ಲೋಕಸಭಾ ಕ್ಷೇತ್ರದಲ್ಲಿವೆ. ಚಿಕ್ಕಬಳ್ಳಾಪುರ ಕ್ಷೇತ್ರದಲ್ಲಿ ಬೆಂಗಳೂರು ಕಡೆಯ ಯಲಹಂಕ, ನೆಲಮಂಗಲ, ಹೊಸಕೋಟೆ ಇವೆ. ಜಿಲ್ಲೆ ಮಾಡುವಾಗ ಕೇಳುವುದು ಕಚೇರಿ ಎಷ್ಟು ದೂರ ಅಂತ. ಕ್ಷೇತ್ರ ಮಾಡುವಾಗ ಕೇಳುವುದು ಜನಸಂಖ್ಯೆ ಸರಿಹೊಂದುತ್ತದಾ ಅಂತ. ಪ್ರಶ್ನೆ ಬೇರೆಯಾದ್ದರಿಂದ ಗೆರೆಯೂ ಬೇರೆ. ಇದರಲ್ಲಿ ಗೊಂದಲ ಏನೂ ಇಲ್ಲ, ನಮಗೆ ಕಿರಿಕಿರಿ ಆಗುತ್ತದೆ ಅನ್ನೋದು ಬೇರೆ ಮಾತು.

ಗೆರೆ ಸರಿಯಿಲ್ಲ ಎಂಬ ದೂರು ಹೊಸದಲ್ಲ. 1956ರಲ್ಲಿ ಹೊಸ ಮೈಸೂರು ರಾಜ್ಯ ಆಯಿತಲ್ಲ, ಅದಾಗಿ ನಾಲ್ಕೇ ವರ್ಷಕ್ಕೆ ವಿ.ಎಲ್.ಎಸ್. ಪ್ರಕಾಶರಾವ್, ಎಲ್.ಎಸ್. ಭಟ್ ಎಂಬ ಇಬ್ಬರು ಭೂಗೋಳಜ್ಞರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಿಂದ ಒಂದು ಅಧ್ಯಯನ ಮಾಡಿದರು. ರಾಜ್ಯವನ್ನು ಯೋಜನಾ ಪ್ರದೇಶಗಳಾಗಿ ವಿಂಗಡಿಸಿ, ಜಿಲ್ಲೆಗಳ ಗಡಿಗಳನ್ನೇ ಮರುಹೊಂದಿಸಬೇಕು ಎಂದು ವಾದಿಸಿದರು. ಜಿಲ್ಲೆಗಳು ಕಂದಾಯ ವಸೂಲಿಯ ಕಾಲದವು, ಅಭಿವೃದ್ಧಿಯ ಯೋಜನೆಗೆ ಹೇಳಿ ಮಾಡಿಸಿದವಲ್ಲ. ಆ ಮಾತಿಗೆ ಈಗಲೂ ತೂಕ ಇದೆ.

ಎಳೆದ ಗೆರೆ ಸುಮ್ನೆ ಕೂರುವುದಿಲ್ಲ ಎಂಬುದು ಮುಂದಿನ ಮಾತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಅದಕ್ಕೂ ಮೊದಲು ಹಿಂದುಳಿದ ಪ್ರದೇಶ ಅಂದರೆ ಮಾತು ಬಹುತೇಕ ಜಿಲ್ಲೆಯ ಮಟ್ಟದಲ್ಲೇ ನಡೆಯುತ್ತಿತ್ತು. ಸಮಿತಿ ತಾಲ್ಲೂಕನ್ನು ಅಳತೆಯಾಗಿ ಹಿಡಿಯಿತು. ಆಗಿದ್ದ 175 ತಾಲ್ಲೂಕುಗಳನ್ನು 35 ಸೂಚಕಗಳಲ್ಲಿ ಅಳೆದು 114 ತಾಲ್ಲೂಕು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು. ಆ 39ರಲ್ಲಿ ಐದು ತುಮಕೂರು ಜಿಲ್ಲೆಯವು: ಪಾವಗಡ, ಮಧುಗಿರಿ, ಶಿರಾ, ಗುಬ್ಬಿ, ಕುಣಿಗಲ್. ಆಗಿನ್ನೂ ಒಂದಾಗಿದ್ದ ಕೋಲಾರ ಜಿಲ್ಲೆಯಿಂದ ಬಾಗೇಪಲ್ಲಿ ಒಂದೇ. ಜಿಲ್ಲೆಯ ಸರಾಸರಿ ಮಾತ್ರ ನೋಡಿದ್ದರೆ ಬಾಗೇಪಲ್ಲಿ ಕಾಣಿಸುತ್ತಲೇ ಇರಲಿಲ್ಲ. ತಾಲ್ಲೂಕಿನಿಂದ ಹೋಬಳಿಗೆ ಇಳಿದರೆ ಇನ್ನೇನೋ ಕಾಣುತ್ತದೆ. ಜರಡಿ ಬದಲಿಸಿದರೆ ಮೇಲೆ ಉಳಿಯುವ ಕಾಳೂ ಬದಲಾಗುತ್ತದೆ. ಬ್ರಿಟನ್ನಿನ ಸ್ಟ್ಯಾನ್ ಓಪನ್‌ಶಾ 1970ರ ದಶಕದ ಕೊನೆಯಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಅಮೆರಿಕದ ಅಯೋವಾ ರಾಜ್ಯದ 99 ಕೌಂಟಿಗಳ ಅಂಕಿ ಅವೇ, ಅವನ್ನು ಬೇರೆಬೇರೆ ಗುಂಪು ಮಾಡಿದ್ದು ಮಾತ್ರ. ಒಂದು ಗುಂಪಿನಲ್ಲಿ ಎರಡು ಸಂಗತಿಗಳ ನಡುವೆ ಬಲವಾದ ನೇರ ಸಂಬಂಧ ಕಂಡರೆ, ಇನ್ನೊಂದರಲ್ಲಿ ಬಲವಾದ ವಿರುದ್ಧ ಸಂಬಂಧ! ಪತ್ರಿಕೆಯಲ್ಲಿ ಯಾವ ಜಿಲ್ಲೆ ಮುಂದೆ, ಯಾವುದು ಹಿಂದೆ ಅಂತ ಪಟ್ಟಿ ಬಂದಾಗೆಲ್ಲ ಇದು ನೆನಪಿರಲಿ.

ಹೊಸ ಗೆರೆ ಹೇಗೆ ನಿಜವಾಗುತ್ತಾ ಹೋಗುತ್ತದೆ ಎಂಬುದನ್ನು ಫಿನ್ಲೆಂಡಿನ ಆನ್ಸಿ ಪಾಸಿ 1986ರಲ್ಲಿ ವಿವರಿಸಿದರು. ಮೊದಲು ಗಡಿ ಬರುತ್ತದೆ. ಹೆಸರು, ಗುರುತು ಬರುತ್ತವೆ. ಕಚೇರಿ, ಸಂಘ, ಶಾಲೆ, ಪತ್ರಿಕೆ ಬರುತ್ತವೆ. ಕೊನೆಗೆ ಅದು ಮೊದಲಿನಿಂದಲೂ ಇತ್ತು ಎಂಬಷ್ಟು ಸಹಜವಾಗಿ ಜನ ಅದರ ಬಗ್ಗೆ ಮಾತಾಡುತ್ತಾರೆ. ಈ ಹಂತಗಳು ಇದೇ ಕ್ರಮದಲ್ಲಿ ಬರಬೇಕಂತಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆ ನಮ್ಮ ಕಣ್ಣೆದುರೇ ಹೀಗೆ ಆಯಿತು. ನಿಮ್ಮ ವಯಸ್ಸಿನವರು ‘ನಮ್ಮದು ಕೋಲಾರ ಜಿಲ್ಲೆ’ ಎಂದು ಈಗಲೂ ಬಾಯಿತಪ್ಪಿ ಹೇಳಬಹುದು, ನಿಮ್ಮ ಮಗಳು ಹೇಳಲಿಕ್ಕಿಲ್ಲ. ಇದಕ್ಕಿಂತ ಸ್ವಾರಸ್ಯ ಮಧುಗಿರಿಯದು. ಕಂದಾಯ ಇಲಾಖೆಯ ಲೆಕ್ಕದಲ್ಲಿ ಅದು ತುಮಕೂರಿನ ಒಂದು ಉಪವಿಭಾಗ. ಶಿಕ್ಷಣ ಇಲಾಖೆಗೆ ಮಾತ್ರ ಅದೊಂದು ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಜಿಲ್ಲೆಗಳ ಸಾಲಿನಲ್ಲಿ ಮಧುಗಿರಿ ಅಂತ ಬೇರೆಯೇ ಹೆಸರು ಬರುತ್ತದೆ. ಮಧುಗಿರಿಯನ್ನು ಕಂದಾಯ ಜಿಲ್ಲೆಯೂ ಮಾಡಿ ಎಂಬ ಬೇಡಿಕೆ ಹಳೆಯದು. ಅರ್ಧ ಜಿಲ್ಲೆ ಆಗಲೇ ಆಗಿಬಿಟ್ಟಿದೆ ಅನ್ನಬಹುದೇನೋ.

ಇನ್ನು ಸ್ಥಳ. ಪ್ರದೇಶದ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಮೇಲಿನಿಂದ, ನಕ್ಷೆಯಲ್ಲಿ ನೋಡುತ್ತಿರುತ್ತೇವೆ. ಸ್ಥಳದ ಬಗ್ಗೆ ಮಾತಾಡಬೇಕಾದರೆ ಕೆಳಗಿಳಿದು ಅಲ್ಲಿ ಬದುಕುವವರ ಪಕ್ಕ ನಿಲ್ಲಬೇಕು. ಸೂತ್ರಗಳ ಕಾಲಕ್ಕೆ ಬೇಸತ್ತವರು 1970ರ ದಶಕದಲ್ಲಿ ಈ ಕಡೆ ತಿರುಗಿದರು. ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಮಾಡಿದ ಯೀ-ಫು ತುವಾನ್, ಬರೀ ಜಾಗವೊಂದು ನಮ್ಮ ಅನುಭವದಿಂದ ಅರ್ಥ ತುಂಬಿಕೊಂಡಾಗ ಸ್ಥಳವಾಗುತ್ತದೆ ಎಂದರು. ಕೆನಡಾದ ಎಡ್ವರ್ಡ್ ರೆಲ್ಫ್, ಒಳಗಿನವರ ಸ್ಥಳ ಬೇರೆ, ಹೊರಗಿನವರ ಸ್ಥಳ ಬೇರೆ ಎಂದರು. ಶನಿವಾರ ರಾತ್ರಿ ಬೈಕು ಹತ್ತಿ ಸೂರ್ಯೋದಯ ನೋಡಲು ಬರುವ ಬೆಂಗಳೂರಿನ ಹುಡುಗರ ನಂದಿಯೂ, ಬೆಟ್ಟದ ಕೆಳಗೆ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯಲು ಬೆಳಗಿನ ಜಾವವೇ ಏಳುವವರ ನಂದಿಯೂ ಒಂದೇನಾ?

1987ರಲ್ಲಿ ಜಾನ್ ಆಗ್ನ್ಯೂ ಇದಕ್ಕೆ ಒಂದು ಕಟ್ಟು ಹಾಕಿಕೊಟ್ಟರು. ಸ್ಥಳ ಅಂದರೆ ಅದು ಎಲ್ಲಿದೆ, ಅಲ್ಲಿ ದಿನನಿತ್ಯ ಏನು ನಡೆಯುತ್ತದೆ, ಜನಕ್ಕೆ ಅದರ ಬಗ್ಗೆ ಏನನ್ನಿಸುತ್ತದೆ, ಈ ಮೂರೂ ಸೇರಿದ್ದು. ನಿಮ್ಮ ತಾಲ್ಲೂಕಿನ ಮುರುಗಮಲ್ಲವನ್ನೇ ತೆಗೆದುಕೊಳ್ಳಿ. ನಕ್ಷೆಯಲ್ಲಿ ಒಂದು ಚುಕ್ಕೆ. ದರ್ಗಾಕ್ಕೆ ಬಂದವರಿಗೆ ಊಟ, ವಸತಿ, ಅಂಗಡಿ ಅಂತ ನಡೆಯುವ ವ್ಯಾಪಾರ ಎರಡನೆಯದು. ಹರಕೆ ಹೊತ್ತು ಆಂಧ್ರದಿಂದ, ತಮಿಳುನಾಡಿನಿಂದ ಬರುವ ಮುಸ್ಲಿಮರು, ಹಿಂದೂಗಳು ಇಟ್ಟುಕೊಂಡ ನಂಬಿಕೆ ಮೂರನೆಯದು. ಚುಕ್ಕೆ ಅಳಿಸಿ ಬೇರೆ ಕಡೆ ಇಟ್ಟರೆ ಮೂರನೆಯದು ಅದರ ಹಿಂದೆ ಬರುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವೂ ಹಾಗೆಯೇ. 1938ರ ಏಪ್ರಿಲ್ 25ರಂದು ಅಲ್ಲಿ ಗೋಲಿಬಾರಾಯಿತು. ಅಲ್ಲಿಯತನಕ ನಾಗರಕಲ್ಲು, ಅಶ್ವತ್ಥಮರಕ್ಕೆ ಹೆಸರಾಗಿದ್ದ ಜಾತ್ರೆಯ ಊರು ಅಂದಿನಿಂದ ಸ್ವಾತಂತ್ರ್ಯ ಹೋರಾಟದ ಊರೂ ಆಯಿತು. ನಾಗಪ್ರತಿಷ್ಠೆಗೆ ಬಂದವರೂ ಆ ಹೋರಾಟದ ನೆನಪಿನ ವೀರಸೌಧ ನೋಡಿಕೊಂಡು ಹೋಗುತ್ತಾರೆ.

ಸ್ಥಳದ ಬಗ್ಗೆ ಈ ಬಗೆಯ ಬರವಣಿಗೆಯಲ್ಲಿ ಒಂದು ಅಪಾಯ ಇದೆ. ಅದು ಬೇಗ ‘ನಮ್ಮೂರು, ನಮ್ಮ ಬೇರು’ ಅಂತ ಕಣ್ಣೀರಿಗೆ ಇಳಿಯುತ್ತದೆ, ಆಮೇಲೆ ಹೊರಗಿನವರು ಯಾರು ಅಂತ ಪಟ್ಟಿ ಮಾಡಲು ಶುರುವಾಗುತ್ತದೆ. ಇದಕ್ಕೆ ಸರಿಯಾದ ಮದ್ದು ಕೊಟ್ಟವರು ಇಂಗ್ಲೆಂಡಿನ ಡೋರೀನ್ ಮ್ಯಾಸಿ (1944-2016). 1991ರ ಒಂದು ಲೇಖನದಲ್ಲಿ ಅವರು ಲಂಡನ್ನಿನ ಕಿಲ್ಬರ್ನ್ ಬೀದಿಯಲ್ಲಿ ನಡೆಯುತ್ತಾ, ಅಲ್ಲಿನ ಐರಿಷ್ ಜನ, ಸೀರೆ ಅಂಗಡಿ, ತಲೆ ಮೇಲೆ ಹಾರುವ ವಿಮಾನ ಎಲ್ಲವನ್ನೂ ನೋಡುತ್ತಾರೆ. ಆ ಬೀದಿಯ ಗುಣ ಅದರ ಒಳಗಿಂದಲೇ ಬಂದದ್ದಲ್ಲ, ದೂರದೂರದ ನಂಟುಗಳು ಅಲ್ಲಿ ಬಂದು ಕಲೆತ ರೀತಿಯಿಂದ ಬಂದದ್ದು ಎನ್ನುತ್ತಾರೆ. ಜೊತೆಗೆ ಇನ್ನೊಂದು ಕೊಂಡಿ ಹಾಕುತ್ತಾರೆ: ಆ ನಂಟಿನ ಹಗ್ಗ ಯಾರ ಕೈಯಲ್ಲಿದೆ ಎಂದು ಕೇಳಿ.

ಈ ಮಾತನ್ನು ಪರೀಕ್ಷೆ ಮಾಡಲು ಲಂಡನ್ನಿಗೆ ಹೋಗಬೇಕಿಲ್ಲ, ಕೆ.ಜಿ.ಎಫ್. ಸಾಕು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಅಲ್ಲಿ ಕೆಲಸ ಶುರು ಮಾಡಿತು. ಬಂಡವಾಳ ಲಂಡನ್ನಿನದು, ಚಿನ್ನ ಹೋದದ್ದೂ ಅಲ್ಲಿಗೇ. ಗಣಿಗೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಮಾತಾಡುವ ದಲಿತರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕಾವೇರಿಯ ಕರೆಂಟು ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ನೀರು ಬೇತಮಂಗಲದಿಂದ. ಅಂದರೆ ನಿಮ್ಮ ಕಡೆ ಹುಟ್ಟುವ ಪಾಲಾರಿನಿಂದ! ಗಣಿ ಮೂರು ಕಿ.ಮೀ.ಗಿಂತ ಆಳಕ್ಕೆ ಇಳಿಯಿತು. ಅಧಿಕಾರಿಗಳ ಬಂಗಲೆ, ಕ್ಲಬ್ಬು ಇದ್ದ ಕಡೆಗೆ ಪುಟ್ಟ ಇಂಗ್ಲೆಂಡ್ ಎಂಬ ಹೆಸರು ಬಂತು. ಕಾರ್ಮಿಕರ ಲೈನ್‌ಮನೆಗಳ ಕಡೆಗೆ ಆ ಹೆಸರು ಬರಲಿಲ್ಲ. ಹೀಗೆ ಲಂಡನ್ನು, ಆರ್ಕಾಟು, ಕಾವೇರಿ, ಪಾಲಾರು ಸೇರಿ ಕೋಲಾರದ ಒಂದು ಮೂಲೆಯಲ್ಲಿ ಒಂದು ಊರಾಯಿತು. ಇದರಲ್ಲಿ ಯಾವುದು ಒಳಗಿನದು, ಯಾವುದು ಹೊರಗಿನದು?

ಹಗ್ಗ ಯಾರ ಕೈಯಲ್ಲಿತ್ತು ಎಂಬುದು ಗಣಿ ಮುಚ್ಚಿದಾಗ ಗೊತ್ತಾಯಿತು. 2001ರ ಫೆಬ್ರುವರಿ 28ರಂದು, ಆಗ ಗಣಿ ನಡೆಸುತ್ತಿದ್ದ ಕೇಂದ್ರ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್ ಕೆಲಸ ನಿಲ್ಲಿಸಿತು. ಬಂಡವಾಳಕ್ಕೆ ಬೇರೆ ಜಾಗ ಸಿಗುತ್ತದೆ, ಸೈನೈಡ್ ಮಣ್ಣಿನ ದಿಬ್ಬಗಳು ಮತ್ತು ಜನ ಅಲ್ಲೇ ಉಳಿಯುತ್ತಾರೆ. ಇವತ್ತು ನಸುಕಿನಲ್ಲಿ ಮಾರಿಕುಪ್ಪಂನಿಂದ ಹೊರಡುವ ರೈಲು ತುಂಬಾ ಬೆಂಗಳೂರಿಗೆ ದುಡಿಯಲು ಹೋಗುವವರು. ರಾತ್ರಿ ವಾಪಸ್ಸು. ಅವರು ಕೆ.ಜಿ.ಎಫ್. ಬಿಟ್ಟುಕೊಟ್ಟಿಲ್ಲ, ಹಾಗಂತ ಕೆ.ಜಿ.ಎಫ್. ಅವರಿಗೆ ಅನ್ನ ಕೊಡುತ್ತಿಲ್ಲ.

ಪಾವಗಡದ ಸೋಲಾರ್ ಪಾರ್ಕನ್ನೂ ಹೀಗೇ ನೋಡಬಹುದು. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಜಮೀನನ್ನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಪಡೆದರು. ಮಳೆ ನಂಬಿ ಸೋತ ರೈತರಿಗೆ ಅದು ಒಳ್ಳೆಯ ಆಸರೆ. ಜಮೀನೇ ಇಲ್ಲದ ಕೂಲಿಯವರಿಗೆ, ಕುರಿ ಮೇಯಿಸುವವರಿಗೆ ಗುತ್ತಿಗೆ ಹಣ ಬರುವುದಿಲ್ಲ, ಮೊದಲಿದ್ದ ಹೊಲದ ಕೂಲಿಯೂ ಮೇವೂ ಹೋಯಿತು. ಬಿಸಿಲೇ ಶಾಪ ಅನ್ನಿಸಿಕೊಂಡಿದ್ದ ತಾಲ್ಲೂಕಿಗೆ ಬಿಸಿಲೇ ಆಸ್ತಿಯಾದದ್ದು ಹೊರಗಿನ ಬೇಡಿಕೆಯಿಂದ, ಲಾಭ ಒಳಗೆ ಹಂಚಿಕೆಯಾದದ್ದು ಪಹಣಿಯ ಪ್ರಕಾರ.

ಬಯಲುಸೀಮೆಗೆ ಈಗ ಇನ್ನೊಂದು ನಂಟು ಬಂದಿದೆ. 2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಯೋಜನೆಯ ಮೊದಲ ಘಟ್ಟದ ಗುರಿ 126 ಕೆರೆ. ಅದೇ ಥರದ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯ ನೀರು ಚಿಕ್ಕಬಳ್ಳಾಪುರದ ಕಡೆಗೆ ಬರುತ್ತಿದೆ. ಬತ್ತಿದ ಬೋರುಗಳಲ್ಲಿ ನೀರು ಬಂತು ಎಂಬ ಸಂತೋಷವೂ ಇದೆ. ಮೂರನೇ ಹಂತದ ಶುದ್ಧೀಕರಣ ಇಲ್ಲದೆ ಈ ನೀರು ಅಂತರ್ಜಲಕ್ಕೆ ಇಳಿಯುವುದು ಸರಿಯಾ ಎಂಬ ಆತಂಕವೂ ಇದೆ. ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಭೂಗೋಳದ ದೃಷ್ಟಿಯಿಂದ ನೋಡಿ: ಕಾವೇರಿ ನೀರು ಬೆಂಗಳೂರಿನ ಬಚ್ಚಲು ದಾಟಿ ಪಾಲಾರ್ ಕಣಿವೆಯ ಕೆರೆಗೆ ಬರುತ್ತಿದೆ. ಹಳೆಯ ಕೆರೆಸಾಲು ಮತ್ತೆ ಕೋಡಿ ಬೀಳುತ್ತಿದೆ, ಆದರೆ ಈಗ ಮೇಲಿನ ಊರು ಬೆಂಗಳೂರು. ದೊಣ್ಣೆ ಹಿಡಿದು ಹೋಗುವುದು ಎಲ್ಲಿಗೆ?

ಮನೆಮಾತಿನ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೆ ಪ್ರಶ್ನೆಯ ಮೊದಲಲ್ಲೇ ಹೇಳಿದ್ದೀರಿ. ತೆಲುಗು ಆಡುವುದರಿಂದ ನಿಮ್ಮ ಹಳ್ಳಿ ಕಡಿಮೆ ಕನ್ನಡದ್ದು ಆಗುವುದಿಲ್ಲ. ಭಾಷೆಗಳು ಬೆರೆಯುವ ಪಟ್ಟಿ ಹಳೆಯದು, ಅದರ ಮಧ್ಯೆ ಆಡಳಿತದ ಗೆರೆ ಬಂದದ್ದು ಆಮೇಲೆ. ಟಿಪ್ಪು ಬಿದ್ದ ನಂತರ ಮೈಸೂರು ಸಂಸ್ಥಾನಕ್ಕೂ ಕಂಪನಿಯ ಮದರಾಸಿಗೂ ನಡುವೆ ಬಂದ ಗೆರೆಯೇ ನಿಮ್ಮ ಕಡೆ ಹೆಚ್ಚುಕಡಿಮೆ ಇಂದಿನ ರಾಜ್ಯದ ಗಡಿ. ಗಡಿಯಾಚೆ ಮಡಕಶಿರಾದಲ್ಲಿ ಕನ್ನಡ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ, ಈಚೆ ಬಾಗೇಪಲ್ಲಿಯಲ್ಲಿ ತೆಲುಗಿನವರು. ಕೈವಾರದ ಸಂತಕವಿ ತಾತಯ್ಯನವರು ಎರಡೂ ಭಾಷೆಯಲ್ಲಿ ಹಾಡಿದರು, ಕೇಳಿದವರು ಯಾರೂ ರಾಜ್ಯ ಯಾವುದು ಅಂತ ವಿಚಾರಿಸಲಿಲ್ಲ. ಜನರ ಮನಸ್ಸಿನಲ್ಲಿರುವ ಇಂಥ ಸೀಮೆಯನ್ನು ಪಠ್ಯದಲ್ಲಿ ಗ್ರಹಿಕೆಯ ಪ್ರದೇಶ ಅನ್ನುತ್ತಾರೆ. ಅದಕ್ಕೆ ಡಿ.ಸಿ. ಕಚೇರಿ ಇರುವುದಿಲ್ಲ, ಗಡಿಕಲ್ಲೂ ಇರುವುದಿಲ್ಲ.

ನಿಮ್ಮ ಮಗಳು ಪ್ರಾಜೆಕ್ಟ್ ಮಾಡಬೇಕಾಗಿ ಬಂದರೆ ಒಂದು ಸಲಹೆ. ಊರಿನ ಹತ್ತಿಪ್ಪತ್ತು ಮನೆಗೆ ಹೋಗಿ ಕೇಳಲಿ: ಬೆಳೆ ಎಲ್ಲಿಗೆ ಹಾಕುತ್ತೀರಿ, ಜ್ವರ ಬಂದರೆ ಎಲ್ಲಿಗೆ, ಆಪರೇಷನ್ನಿಗೆ ಎಲ್ಲಿಗೆ, ಮನೆದೇವರು ಎಲ್ಲಿ, ಸೊಸೆ ಯಾವ ಊರಿನವರು, ಮಗ ಎಲ್ಲಿ ದುಡಿಯುತ್ತಾನೆ. ಒಂದೊಂದು ಪ್ರಶ್ನೆಗೆ ಒಂದೊಂದು ಬಣ್ಣದ ಗೆರೆ ಹಾಕಲಿ. ಗಂಡಸರು, ಹೆಂಗಸರನ್ನು ಬೇರೆಬೇರೆ ಕೇಳಿದರೆ ಇನ್ನೂ ಒಳ್ಳೆಯದು, ಹೆಂಗಸರ ನಕ್ಷೆಯಲ್ಲಿ ತವರಿನ ಕಡೆಯ ಗೆರೆಗಳು ಜಾಸ್ತಿ ಬರುತ್ತವೆ. ಸೊಸೆ ತರುವ ಊರುಗಳ ಗೆರೆ ಆಂಧ್ರದ ಗಡಿ ದಾಟುತ್ತದಾ ಎಂಬುದನ್ನು ಮುಖ್ಯವಾಗಿ ನೋಡಲಿ. ಪರೀಕ್ಷೆಯಲ್ಲಿ ಮಾತ್ರ ಔಪಚಾರಿಕ, ಕಾರ್ಯಾತ್ಮಕ, ಗ್ರಹಿಕೆಯ ಎಂಬ ಮೂರೂ ಬಗೆಯನ್ನು ವ್ಯಾಖ್ಯೆ ಸಮೇತ ಮೊದಲು ಬರೆದುಬಿಡಲಿ. ಪೇಪರ್ ತಿದ್ದುವವರು ಹುಡುಕುವುದು ಅದನ್ನೇ. ಕೆ.ಜಿ.ಎಫ್., ಕೆರೆ ಎಲ್ಲ ಆಮೇಲೆ, ಟೈಮ್ ಉಳಿದರೆ.